ಸೋರ್ಸ್ ನೋಡಿದ್ದೇ ತಪ್ಪಾ?

ಗೌರಸಮುದ್ರದಲ್ಲಿರೋ ನಮ್ಮಕ್ಕನ ಮಗ ಕಂಪ್ಯೂಟರ್ ಸೈನ್ಸ್‌ನಲ್ಲಿ ಸಂಶೋಧನೆಗೆ ಸೇರಿದ್ದಾನೆ. ಮೊನ್ನೆ ಫೋನ್ ಮಾಡಿ, "ಮಾವ, ಸೈಬರ್ ಸೆಕ್ಯುರಿಟಿ ಕಡೆ ಹೋಗ್ಬೇಕು ಅಂತಿದೀನಿ, ಯಾವ ಕೋರ್ಸ್ ಮಾಡ್ಲಿ?" ಅಂದ. ಪಕ್ಕದಲ್ಲಿದ್ದ ಅಕ್ಕನಿಗೆ ಬೇರೆಯದೇ ಚಿಂತೆ... "ಹ್ಯಾಕಿಂಗ್ ಅಂತೆ ಕಣೋ, ಪೊಲೀಸ್ರು ಹಿಡ್ಕೊಂಡ್ ಹೋಗಲ್ವಾ?" ನಗು ಬಂತು. ಆಮೇಲೆ ಯೋಚಿಸಿದರೆ, ಇಬ್ಬರಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಅಕ್ಕನೇ ಅನ್ನಿಸಿತು.

ಕೋರ್ಸು, ಸರ್ಟಿಫಿಕೇಟು ಬೇಕಾದಷ್ಟಿವೆ ಬಿಡಿ. ನನ್ನ ಪ್ರಕಾರ ಈ ದಾರಿ ಶುರುವಾಗೋದು "ಇದ್ಯಾಕೆ ಹೀಗಿದೆ?" ಅನ್ನೋ ಕುತೂಹಲದಿಂದ. ಬೆಂಗಳೂರಿನ ತೇಜೇಶ್ ಜಿ.ಎನ್. ಅವರ ವಿಷಯ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ೨೦೧೫ರ ಜೂನ್. ಏರ್‌ಟೆಲ್ ೩ಜಿಯಲ್ಲಿ ತೆರೆದ ವೆಬ್ ಪುಟದ ಸೋರ್ಸ್ ನೋಡಿದರೆ, ಪುಟ ಬರೆದವರು ಹಾಕಿರದ ಒಂದು ಜಾವಾಸ್ಕ್ರಿಪ್ಟ್ ಒಳಗೆ ಬಂದು ಕೂತಿತ್ತು! (ಟೆಂಪ್ಲೇಟ್ ಕೆಟ್ಟಾಗ ನಾವೆಲ್ಲ ಮಾಡೋದೂ ಅದೇ ತಾನೆ, ವ್ಯೂ ಸೋರ್ಸ್.) ಅವರು ಯಾರ ಬೀಗವನ್ನೂ ಒಡೆಯಲಿಲ್ಲ, ಪಾಸ್‌ವರ್ಡ್ ಕದಿಯಲಿಲ್ಲ. ತಮ್ಮ ಬ್ರೌಸರಿಗೆ ಬಂದದ್ದನ್ನು ಗಿಟ್‌ಹಬ್‌ನಲ್ಲಿ ಹಾಕಿದರು, ಅಷ್ಟೇ.

ಅದಕ್ಕೆ ಸಿಕ್ಕಿದ್ದು ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿಯ ಪರವಾಗಿ ಲಾಯರ್ ನೋಟಿಸು. ಗಿಟ್‌ಹಬ್‌ನಲ್ಲಿದ್ದ ಪುಟವೂ ಮಾಯ. ಗ್ರಾಹಕರಿಗೆ ಡೇಟಾ ಬಳಕೆಯ ಲೆಕ್ಕ ತೋರಿಸೋಕೆ ಮಾಡಿದ್ದು, ನೋಟಿಸಿಗೂ ನಮಗೂ ಸಂಬಂಧ ಇಲ್ಲ ಅಂತ ಏರ್‌ಟೆಲ್ ಹೇಳಿತು. ಇರಲಿ. ಆದರೆ ನಾನು ಬರೆದ ಪುಟದೊಳಗೆ ನನ್ನನ್ನು ಕೇಳದೆ ಸಾಲು ಸೇರಿಸೋದು ಯಾವ ನ್ಯಾಯ ಸ್ವಾಮಿ?

ಎಚ್‌ಟಿಟಿಪಿ ಅನ್ನೋದು ಪೋಸ್ಟ್‌ಕಾರ್ಡ್ ಇದ್ದ ಹಾಗೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು, ಒಂದು ಸಾಲು ಗೀಚಬಹುದು. ಎಚ್‌ಟಿಟಿಪಿಎಸ್ ಬಂದಮೇಲೆ ಅದಕ್ಕೆ ಲಕೋಟೆ, ಮುದ್ರೆ ಎರಡೂ ಸಿಕ್ಕವು. ಬ್ಲಾಗ್‌ಸ್ಪಾಟಿನ ನಮ್ಮಂಥ ಬಿಟ್ಟಿ ಗಿರಾಕಿಗಳಿಗೆಲ್ಲ ಅದು ಸಿಕ್ಕಿದ್ದು ೨೦೧೬ರಲ್ಲಿ :-)

ಹುಡುಗನಿಗೆ ಇಷ್ಟು ಹೇಳಿದೆ: ಮೊದಲು ನಿನ್ನ ಮೆಷಿನ್, ನಿನ್ನ ನೆಟ್‌ವರ್ಕ್ ನೋಡಿ ಕಲಿ. ಬೇರೆಯವರದ್ದನ್ನು ಮುಟ್ಟೋ ಮೊದಲು ಒಪ್ಪಿಗೆ ಬರವಣಿಗೆಯಲ್ಲಿ ತಗೋ. ತೂತು ಕಂಡರೆ ಸರ್ಟ್-ಇನ್‌ಗೆ ತಿಳಿಸು, ಕಳಿಸಿದ ಮೇಲ್ ಜೋಪಾನ ಮಾಡು. ನಮ್ಮ ತಾಲ್ಲೂಕಿನ ಕುದಾಪುರದಲ್ಲೇ ಐಐಎಸ್‌ಸಿಯ ಎರಡನೇ ಕ್ಯಾಂಪಸ್ ಇರುವಾಗ, ಈ ಆಸೆ ಅವನೊಬ್ಬನದೇ ಆಗಿರಲಾರದು.

ಅಕ್ಕನ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರ ಇರಲಿಲ್ಲ. ೨೦೦೦ದ ಐಟಿ ಕಾಯ್ದೆಯ ೪೩ನೇ ಸೆಕ್ಷನ್ ಪ್ರಕಾರ ಒಡೆಯನ ಅನುಮತಿ ಇಲ್ಲದೆ ಕಂಪ್ಯೂಟರಿನೊಳಗೆ ಹೋಗುವಂತಿಲ್ಲ. ಅದರಲ್ಲಿ ಮೋಸದ ಉದ್ದೇಶ ಇದ್ದರೆ ೬೬ನೇ ಸೆಕ್ಷನ್, ೩ ವರ್ಷದವರೆಗೆ ಜೈಲು. ಉದ್ದೇಶ ಒಳ್ಳೆಯದಿತ್ತು ಅಂತ ತೀರ್ಮಾನ ಆಗೋ ಹೊತ್ತಿಗೆ ಹುಡುಗನ ಎಷ್ಟು ವರ್ಷ ಕೋರ್ಟಿನಲ್ಲಿ ಕಳೆದಿರುತ್ತೋ? ಅಮೆರಿಕದ ನ್ಯಾಯ ಇಲಾಖೆ ೨೦೨೨ರ ಮೇನಲ್ಲಿ, ಸದುದ್ದೇಶದಿಂದ ಭದ್ರತಾ ಸಂಶೋಧನೆ ಮಾಡಿದವರ ಮೇಲೆ ಹ್ಯಾಕಿಂಗ್ ಕಾನೂನಿನಡಿ ಕೇಸ್ ಹಾಕಬಾರದು ಅಂತ ತನ್ನ ವಕೀಲರಿಗೆ ನೀತಿಯನ್ನೇ ಮಾಡಿತು. ಅಂಥ ಒಂದು ಸಾಲನ್ನು ನಮ್ಮ ಕಾಯ್ದೆಗೂ ಸೇರಿಸಲೇಬೇಕು ಅನ್ನೋದು ನನ್ನ ವಾದ. ನಿಮ್ಮಲ್ಲಿ ಲಾಯರ್‌ಗಳಿದ್ದರೆ ಕಾಮೆಂಟಿನಲ್ಲಿ ಹೇಳಿ, ಇದಕ್ಕೆ ಇರೋ ಅಡ್ಡಿಯಾದರೂ ಏನು?