ಎಂಟು ತಿಂಗಳ ಕೂಸಿನ ಎಚ್ಚರ
ನೆಮ್ಮದಿಯಾಗಿ ಮಲಗುತ್ತಿದ್ದ ಕೂಸು ಎಂಟು ಒಂಬತ್ತನೆಯ ತಿಂಗಳಲ್ಲಿ ಇರುಳೆಲ್ಲ ಎದ್ದು ಅಳತೊಡಗಿದರೆ, ಮನೆಯ ಹಿರಿಯರು ಮೊದಲು ದೂರುವುದು ತಾಯಿಯನ್ನೇ. ಅವಳ ಹಾಲು ಸಾಲದಂತೆ! ಇದನ್ನು ನಾವು ಒಪ್ಪಲಾರೆವು. ಕಣ್ಮರೆಯಾದ ತಾಯಿ ಎಲ್ಲೋ ಇದ್ದಾಳೆಂಬ ಅರಿವು ಈ ಪ್ರಾಯದಲ್ಲಿ ಬಲಿಯುತ್ತದೆ. ಅಗಲಿಕೆಯ ಅಂಜಿಕೆಯೂ ಅದರೊಡನೆಯೇ ಬರುತ್ತದೆ. ಹಿಡಿದು ನಿಲ್ಲಲು ಕಲಿತ ಮಗು ನಡುರಾತ್ರಿಯಲ್ಲೂ ಅದನ್ನೇ ಅಭ್ಯಸಿಸುತ್ತದೆ. ಹಗಲಿನದೂ ಸೇರಿ ಅದಕ್ಕೆ 12ರಿಂದ 16 ಗಂಟೆಗಳ ನಿದ್ದೆ ಬೇಕು.

ಸಂಜೆಯ ಜಪಸರ ಮುಗಿದೊಡನೆ ದೀಪ ತಗ್ಗಿಸಿ, ದಿನವೂ ಅದೇ ಹೊತ್ತಿಗೆ, ಅದೇ ಜೋಗುಳದೊಂದಿಗೆ, ಕಣ್ಣು ಪೂರ್ತಿ ಮುಚ್ಚುವ ಮುನ್ನವೇ ಮಲಗಿಸುವುದು ಲೇಸು. ಎದ್ದಾಗ ಕತ್ತಲಲ್ಲೇ ಮೆಲ್ಲನೆ ತಟ್ಟಬಹುದು. ನಿದ್ದೆ ಬರಲೆಂದು ಕೆಮ್ಮಿನ ಔಷಧವನ್ನೋ ಬ್ರಾಂದಿಯ ಹನಿಯನ್ನೋ ಕುಡಿಸುವುದು ಮಾತ್ರ ಅಪಾಯಕರ. ವರ್ಷ ತುಂಬುವ ಮುನ್ನ ಜೇನೂ ಸಲ್ಲದು. ಜ್ವರವಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ಉಳಿದ ಇರುಳುಗಳಲ್ಲಿ ತಂದೆಯೂ ಸರದಿಯಂತೆ ಏಳಲಿ. ಹಗಲೆಲ್ಲ ದುಡಿದು ದಣಿಯುವವಳು ತಾಯಿಯೂ ಹೌದಷ್ಟೆ.