ಲಗ್ಗೆ ಹತ್ತುವುದು

ಆಟದ ತಂಡವೊಂದು ಅಂತಿಮ ಸುತ್ತಿಗೆ ‘ಲಗ್ಗೆಯಿಟ್ಟಿತು’ ಎಂದು ಪತ್ರಿಕೆಗಳು ಬರೆಯುತ್ತವೆ. ಹೊಸ ಸರಕೂ ಮಾರುಕಟ್ಟೆಗೆ ‘ಲಗ್ಗೆಯಿಡುತ್ತದೆ’. ಹೀಗೆ ಹಗುರವಾಗಿ ಬಳಕೆಯಾಗುವ ಈ ಪದ ಬಹುಕಾಲ ಬಾಳಿದ್ದು ಕೋಟೆಯ ಬುಡದಲ್ಲಿ. ಮೇಲಿನಿಂದ ಕಲ್ಲು, ಬಾಣಗಳು ಸುರಿಯುತ್ತಿರುವಾಗ ಏಣಿ ಚಾಚಿ, ಗೋಡೆಯೇರಿ ಒಳನುಗ್ಗುವ ಸಾಹಸವನ್ನೇ ಹಿಂದಿನವರು ‘ಲಗ್ಗೆ ಹತ್ತುವುದು’ ಎಂದರು.

ಇಲ್ಲಿ ‘ಹತ್ತು’ ಎಂಬ ಕ್ರಿಯಾಪದವನ್ನು ನಾವು ಗಮನಿಸಬೇಕು. ಹಳಗನ್ನಡದಲ್ಲಿ ಅದು ‘ಪತ್ತು’. ಅಂಟು, ಸೇರು, ಏರು ಈ ಮೂರೂ ಅದರ ಅರ್ಥಗಳೇ. ಒಲೆಗೆ ಬೆಂಕಿ ಹತ್ತುತ್ತದೆ, ಅನ್ನ ತಳ ಹತ್ತುತ್ತದೆ, ನಾವು ಬೆಟ್ಟ ಹತ್ತುತ್ತೇವೆ. ಅಂಟಿಕೊಳ್ಳದೆ ಏರಲಾಗದೆಂಬುದನ್ನು ನಮ್ಮ ನುಡಿ ಬಲ್ಲದು. ಏಣಿಯ ಮೇಲಣ ಯೋಧನ ಸಂಕಟವೂ ಅದೇ. ಹಿಡಿದುಕೊಳ್ಳಲು ಬೇಕಾದ ಕೈಯೇ ಹೋರಾಡಲೂ ಬೇಕು.

ಏಣಿಗೂ ಲೆಕ್ಕವುಂಟು. ಗೋಡೆಯ ಎತ್ತರ 10 ಅಳತೆಯಾದರೆ ಏಣಿಯ ಉದ್ದ 12 ಇರಬೇಕೆಂದು ಕ್ರಿಸ್ತಪೂರ್ವ 2ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಏಣಿಯ ಬುಡ ಗೋಡೆಯಿಂದ ಬಹಳ ದೂರವಾದರೆ ಏರುವವರ ಭಾರಕ್ಕೆ ಅದು ಮುರಿಯುತ್ತದೆ. ತೀರ ಸಮೀಪವಾದರೆ ಉರುಳುತ್ತದೆ. ಲೆಕ್ಕ ತಪ್ಪಿದರೆ ಅದರ ಬೆಲೆ ತೆರುವವನು ಏಣಿಯ ಮೇಲಿದ್ದವನು, ಆಜ್ಞೆಯಿತ್ತವನಲ್ಲ.

ಆದ್ದರಿಂದಲೇ ಅರ್ಥಶಾಸ್ತ್ರವು ದುರ್ಗವನ್ನು ಗೆಲ್ಲಲು ಹೇಳಿದ 5 ಉಪಾಯಗಳಲ್ಲಿ ನೇರ ಆಕ್ರಮಣ, ಅಂದರೆ ‘ಅವಮರ್ದ’, ಕಟ್ಟಕಡೆಯದು. ಮೊದಲನೆಯದು ‘ಉಪಜಾಪ’: ಒಳಗಿನವರ ಕಿವಿಯಲ್ಲಿ ಪಿಸುಗುಟ್ಟಿ ಭೇದ ಹುಟ್ಟಿಸುವುದು. ನಡುವಿನವು ಗೂಢಚಾರಿಕೆ, ಶತ್ರುವನ್ನು ಹೊರಗೆ ಸೆಳೆಯುವುದು ಹಾಗೂ ಮುತ್ತಿಗೆ.

ಚಿತ್ರದುರ್ಗವನ್ನೇ ನೆನೆಯೋಣ. ಏಳು ಸುತ್ತಿನ ಕೋಟೆಯದು. ಜನಜನಿತವಾದ ಓಬವ್ವನ ಕಥೆಯಲ್ಲಿ ಶತ್ರುಗಳು ಗೋಡೆ ಹತ್ತಿದವರಲ್ಲ, ಕಿಂಡಿಯಲ್ಲಿ ನುಸುಳಿದವರು. ಅಲ್ಲಿ ಒಬ್ಬ ಗೃಹಿಣಿಯ ಒನಕೆಯೇ ಅವರನ್ನು ತಡೆಯಿತು. ಆದರೆ 1779ರಲ್ಲಿ ಮದಕರಿನಾಯಕನ ಸೇವೆಯಲ್ಲಿದ್ದವರೇ ಕೆಲವರು ಅವನನ್ನು ಕೈಬಿಟ್ಟಾಗ ಆ ದುರ್ಗ ಹೈದರಾಲಿಯ ವಶವಾಯಿತು. ಕಲ್ಲಿನ ಗೋಡೆಗಳು ಆಗಲೂ ನಿಂತೇ ಇದ್ದವು.

‘ಪತ್ತು’ ಧಾತುವಿನಿಂದಲೇ ‘ಪತ್ತುಗೆ’ ಎಂಬ ಹಳೆಯ ಮಾತು ಬಂದಿದೆ. ಸೇರಿಕೆ, ಸಂಬಂಧ ಎಂದು ಅದರರ್ಥ. ಏರುವವನಿಗೆ ಬೇಕಾದ ಗುಣವೇ ಕಾಯುವವರಿಗೂ ಬೇಕು. ದುರ್ಗವಾಗಲಿ ಮನೆಯಾಗಲಿ, ಒಳಗಿನವರ ಪತ್ತುಗೆ ಬಿಗಿಯಾಗಿರುವವರೆಗೆ ಹೊರಗಿನವರು ಏಣಿ ತರಲೇಬೇಕು. ಅದು ಸಡಿಲಿದ ದಿನ ಏಣಿಯೂ ಬೇಡ, ಪಿಸುಮಾತೊಂದೇ ಸಾಕು.