ಬೆಚ್ಚಗಿರಲು ಬಡವರೇಕೆ ಅರ್ಜಿ ಹಿಡಿದು ನಿಲ್ಲಬೇಕು?

ಕೋಟ್ಯಧೀಶರಾದ ವೃದ್ಧರಿಗೂ ಚಳಿಗಾಲದ ಗ್ಯಾಸ್ ಬಿಲ್ಲಿಗೆಂದು ಸರ್ಕಾರ ಯಾಕೆ ದುಡ್ಡು ಕೊಡಬೇಕು? ಬ್ರಿಟನ್ನಿನ ಲೇಬರ್ ಸರ್ಕಾರವನ್ನು ತಿಂಗಳುಗಟ್ಟಲೆ ಕಾಡಿದ ವಿವಾದದ ತಿರುಳು ಈ ಪ್ರಶ್ನೆ. ಪ್ರಶ್ನೆ ನ್ಯಾಯವಾಗಿಯೇ ಇದೆ. ಆದರೆ ಸರ್ಕಾರ ಕಂಡುಕೊಂಡ ಉತ್ತರ ಶ್ರೀಮಂತರಿಗೆ ತಾಗಲೇ ಇಲ್ಲ, ಬಡವರನ್ನು ಚಳಿಗೆ ನೂಕಿತು.

ಗಾರ್ಡನ್ ಬ್ರೌನ್ ಹಣಕಾಸು ಸಚಿವರಾಗಿದ್ದಾಗ 1997ರಲ್ಲಿ ಶುರುವಾದ ಚಳಿಗಾಲದ ಇಂಧನ ಭತ್ಯೆ ಪಿಂಚಣಿ ವಯಸ್ಸು ದಾಟಿದ ಎಲ್ಲರಿಗೂ ಸಿಗುತ್ತಿತ್ತು. ಮನೆಗೆ 200 ಪೌಂಡ್, 80 ದಾಟಿದವರಿದ್ದರೆ 300. ಖಜಾನೆಯಲ್ಲಿ 2,200 ಕೋಟಿ ಪೌಂಡ್ ಕೊರತೆಯಿದೆ ಎಂದ ಹಣಕಾಸು ಸಚಿವೆ ರೇಚೆಲ್ ರೀವ್ಸ್, 2024ರ ಜುಲೈನಲ್ಲಿ ಇದನ್ನು ‘ಪೆನ್ಷನ್ ಕ್ರೆಡಿಟ್’ನಂತಹ ಬಡವರ ನೆರವು ಪಡೆಯುವವರಿಗೆ ಮಾತ್ರ ಉಳಿಸಿದರು. ಸುಮಾರು ಒಂದು ಕೋಟಿ ವೃದ್ಧರ ಕೈತಪ್ಪಿತು. ಸೆಪ್ಟೆಂಬರ್ 10ರಂದು ಸಂಸತ್ತು 348–228 ಮತಗಳಿಂದ ಅದಕ್ಕೆ ಮುದ್ರೆ ಒತ್ತಿತು.

ನಿಜವಾದ ಬಡವರಿಗೆ ಭತ್ಯೆ ಇದ್ದೇ ಇದೆ, ನಡುವೆ ಜಾರಿಬಿದ್ದವರನ್ನು ಸ್ಥಳೀಯ ಆಡಳಿತಗಳೂ ದತ್ತಿ ಸಂಸ್ಥೆಗಳೂ ನೋಡಿಕೊಳ್ಳುತ್ತವೆ ಎಂದು ಬೆಂಬಲಿಗರು ವಾದಿಸಿದರು. ಈ ವಾದ ಸುಳ್ಳೆಂಬುದು ಸರ್ಕಾರದ್ದೇ ಅಂಕಿಯಿಂದ ತಿಳಿಯುತ್ತಿತ್ತು. ಪೆನ್ಷನ್ ಕ್ರೆಡಿಟ್‌ಗೆ ಅರ್ಹರಾಗಿದ್ದೂ ಅರ್ಜಿಯನ್ನೇ ಹಾಕದವರು ಸುಮಾರು 8 ಲಕ್ಷ 80 ಸಾವಿರ. ಹಾಕುವುದಾದರೂ ಹೇಗೆ? ಅರ್ಜಿಯಲ್ಲಿ 200ಕ್ಕೂ ಹೆಚ್ಚು ಪ್ರಶ್ನೆಗಳು. ಕಣ್ಣು ಮಂಜಾದವರು, ಒಂಟಿಯಾಗಿರುವವರು, ಜೀವಮಾನವಿಡೀ ದುಡಿದು ಈಗ ಕೈಚಾಚಲು ನಾಚುವವರು ಅಲ್ಲಿಯೇ ಸೋತರು. ಒಂಟಿ ವೃದ್ಧರಿಗೆ ವಾರಕ್ಕೆ 218.15 ಪೌಂಡ್ ಎಂಬ ಗೆರೆಗಿಂತ ಸ್ವಲ್ಪವೇ ಮೇಲಿದ್ದ ಎಷ್ಟೋ ಜನ ಅರ್ಜಿ ತುಂಬಿದರೂ ಫಲವಿರಲಿಲ್ಲ.

2025ರ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿಯಿತು. ಹಾಗೆ ಸರಿದ ರೀತಿಯಲ್ಲೇ ದೊಡ್ಡ ಪಾಠವಿದೆ. ಹೊಸ ನಿಯಮದಲ್ಲಿ ಭತ್ಯೆ ತಾನಾಗಿಯೇ ಮನೆಗೆ ಬರುತ್ತದೆ. ವರ್ಷಕ್ಕೆ 35,000 ಪೌಂಡ್‌ಗಿಂತ ಹೆಚ್ಚು ಆದಾಯವಿದ್ದವರಿಂದ ತೆರಿಗೆಯ ಮೂಲಕ ಅದನ್ನು ವಾಪಸು ಪಡೆಯಲಾಗುತ್ತದೆ. ಅಂದರೆ ಮೊದಲು ಎಲ್ಲರಿಗೂ ಕೊಟ್ಟು, ಉಳ್ಳವರಿಂದ ಆಮೇಲೆ ವಸೂಲಿ ಮಾಡಲು ಸಾಧ್ಯವಿತ್ತು. ಕಾಗದಪತ್ರದ ಹೊರೆ ಲೆಕ್ಕಪರಿಶೋಧಕರನ್ನು ಇಟ್ಟುಕೊಳ್ಳಬಲ್ಲವರ ಮೇಲಿರಬೇಕೇ ಹೊರತು ಕಂಬಳಿ ಹೊದ್ದು ಹೀಟರ್ ಆರಿಸಿ ಕೂತವರ ಮೇಲಲ್ಲ. ಇಷ್ಟು ಸರಳ ನ್ಯಾಯ ಹೊಳೆಯುವಷ್ಟರಲ್ಲಿ ಒಂದು ಇಡೀ ಚಳಿಗಾಲ ಕಳೆದುಹೋಗಿತ್ತು.

ದತ್ತಿ ಸಂಸ್ಥೆಗಳ ಬಗ್ಗೆ ನನಗೆ ಅಪಾರ ಗೌರವವಿದೆ. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿ ಗ್ಯಾಸ್ ದರ ಮುಗಿಲು ಮುಟ್ಟಿದಾಗ, ಚರ್ಚು, ಗ್ರಂಥಾಲಯ, ಸಮುದಾಯ ಭವನಗಳು ಬಾಗಿಲು ತೆರೆದು ಜನರನ್ನು ಬೆಚ್ಚಗಿರಿಸಿದವು. ‘ಸರ್ವೈವಿಂಗ್ ವಿಂಟರ್’ ಅಭಿಯಾನದಲ್ಲಿ ಅನುಕೂಲಸ್ಥ ವೃದ್ಧರು ತಮ್ಮ ಭತ್ಯೆಯನ್ನೇ ನೆರೆಹೊರೆಯ ಬಡವರಿಗೆ ದಾನ ಮಾಡುತ್ತ ಬಂದಿದ್ದರು. ಭತ್ಯೆ ಕಡಿತವಾದಾಗ ಈ ದಾನದ ಮೂಲಕ್ಕೂ ಪೆಟ್ಟು ಬಿತ್ತು. ಹೊರೆಯನ್ನು ದತ್ತಿ ಸಂಸ್ಥೆಗಳ ತಲೆಗೆ ಕಟ್ಟಿದವರೇ ಅವುಗಳ ಕೈಯನ್ನೂ ಬರಿದು ಮಾಡಿದರು.

ಆ ದಾನದ ದುಡ್ಡು ಎಲ್ಲಿಗೆ ಹೋಗುತ್ತದೆ ನೋಡಿ. ಕಡುಬಡವರ ಎಷ್ಟೋ ಮನೆಗಳಲ್ಲಿರುವುದು ಪ್ರೀಪೇಯ್ಡ್ ಮೀಟರ್. ಮೊದಲು ದುಡ್ಡು ತುಂಬಿದರೆ ಮಾತ್ರ ಗ್ಯಾಸ್. ದುಡ್ಡು ಮುಗಿದು ಗ್ಯಾಸ್ ನಿಂತ ದಿನಗಳಲ್ಲೂ ನಿಗದಿತ ಶುಲ್ಕ ಬೆಳೆಯುತ್ತಲೇ ಇರುತ್ತದೆ. ದತ್ತಿ ಸಂಸ್ಥೆ ಕೊಟ್ಟ ವೋಚರ್ ಹಾಕಿದರೆ ಮೊದಲು ತೀರುವುದು ಆ ಬಾಕಿ, ಉಳಿದದ್ದರಲ್ಲಿ ಮನೆ ಬೆಚ್ಚಗಾಗಬೇಕು. ಬ್ರಿಟಿಷ್ ಗ್ಯಾಸ್ ಪರವಾಗಿ ಬಂದವರು ಅಶಕ್ತರ ಮನೆಗಳಿಗೆ ನುಗ್ಗಿ ಇಂಥ ಮೀಟರ್ ಕೂರಿಸುತ್ತಿದ್ದುದನ್ನು 2023ರ ಫೆಬ್ರುವರಿಯಲ್ಲಿ ‘ದಿ ಟೈಮ್ಸ್’ ಪತ್ರಿಕೆ ಬಯಲಿಗೆಳೆಯಿತು. ಅದೇ ವರ್ಷ ಆ ಕಂಪನಿಯ ಲಾಭ ಸುಮಾರು 75 ಕೋಟಿ ಪೌಂಡ್. ದಾನಿಯ ಕರುಣೆ ಕಂಪನಿಯ ವಸೂಲಿಗೆ ದಾರಿಯಾಗುವ ಈ ವ್ಯವಸ್ಥೆ ಲಜ್ಜೆಗೇಡಿನದು. ಪ್ರೀಪೇಯ್ಡ್ ಮೀಟರ್‌ನ ನಿಗದಿತ ಶುಲ್ಕ ರದ್ದಾಗಲೇಬೇಕು.

ಭತ್ಯೆ, ಶುಲ್ಕ ಎರಡೂ ಸರಿಹೋದರೂ ಸಾಲದು. ಇಂಗ್ಲೆಂಡಿನ ಹಳೆಯ ಮನೆಗಳ ಗೋಡೆ, ಅಟ್ಟ, ಕಿಟಕಿಗಳಿಂದ ಶಾಖ ಸೋರುತ್ತದೆ. ತೂತು ಕೊಡಕ್ಕೆ ಎಷ್ಟು ನೀರು ಹೊಯ್ದರೇನು? 2016ರ ಹೊತ್ತಿಗೆ ಸಾಧ್ಯವಾದಷ್ಟೂ ಯಾವ ಮನೆಯೂ ಇಂಧನ ಬಡತನದಲ್ಲಿ ಇರಬಾರದು ಎಂದು 2000ದಲ್ಲೇ ಅಲ್ಲಿ ಕಾಯ್ದೆಯಾಗಿತ್ತು. ಆ ಗಡುವು ಮುಗಿದು ಎಷ್ಟೋ ಚಳಿಗಾಲಗಳು ಕಳೆದಿವೆ. ಶಾಖ ಸೋರದಂತೆ ಮನೆ ದುರಸ್ತಿ ಮಾಡುವುದು ಸರ್ಕಾರದ ಕೆಲಸ. ಯಾವ ದತ್ತಿ ಸಂಸ್ಥೆಯೂ ದೇಶದ ಗೋಡೆಗಳನ್ನೆಲ್ಲ ಸರಿಪಡಿಸಲಾರದು.

ಇದು ಕನ್ನಡಿಗರಿಗೂ ಸಂಬಂಧಿಸಿದ್ದು. ವೀಸಾದ ಮೇಲೆ ಅಲ್ಲಿ ಓದುವ, ವೃದ್ಧರ ಆರೈಕೆಯ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರಿಗೆ ‘ಸರ್ಕಾರಿ ನೆರವು ಇಲ್ಲ’ ಎಂಬ ಷರತ್ತಿದೆ. ದುಡಿದು ತೆರಿಗೆ ಕಟ್ಟಿದರೂ ಕೆಲಸ ಹೋದ ದಿನ ಅವರಿಗೆ ಹೆಚ್ಚಾಗಿ ಉಳಿಯುವುದು ದತ್ತಿ ಸಂಸ್ಥೆಯ ಬಾಗಿಲು. ಆದ್ದರಿಂದ ಅಲ್ಲಿನ ಕನ್ನಡ ಸಂಘಗಳು ಚಳಿಗಾಲದ ನಿಧಿಗಳಿಗೆ ಧಾರಾಳವಾಗಿ ಕೊಡಲಿ. ದಾಸೋಹದ ಪರಂಪರೆಯವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಕೊಟ್ಟು ಸುಮ್ಮನಾಗಬೇಡಿ. ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ಪ್ರಜೆಗಳಾಗಿ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ನಿಮಗಿದೆ. ಹೆಸರು ನೋಂದಾಯಿಸಿ. ಮತ ಕೇಳಲು ಬಂದವರನ್ನು ನಿಗದಿತ ಶುಲ್ಕದ ಬಗ್ಗೆ, ಸೋರುವ ಗೋಡೆಗಳ ಬಗ್ಗೆ, ಆ ವೀಸಾ ಷರತ್ತಿನ ಬಗ್ಗೆ ಪ್ರಶ್ನಿಸಿ. ಉತ್ತರ ಸಿಕ್ಕ ಮೇಲೆಯೇ ಮತ ಹಾಕಿ.